ಇಪ್ಪತ್ತೊಂದು ನಂಬರಿನ ಸೂಜಿ

ಸೊರಬ
14-6-1996

ಪ್ರೀತಿಯ ನೀಲಾ,

ನಿನ್ನ ಕಾಗದ ಬಂದು ಎಂಟು ತಿಂಗಳಾಯ್ತು. ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವರು ನಾವು ಅನ್ನೋದು ನರ್ಸಮ್ಮನಿಗೆ ಮರೆತೇ ಹೋಗಿರಬೇಕು. ಇರಲಿ, ಆ ಜಗಳ ಆಮೇಲೆ. ಈಗ ಬರೆಯೋದಕ್ಕೆ ಕಾರಣ ಬೇರೆ.

ಹೋದ ಸೋಮವಾರ ಹೊಲಿಗೆ ಕ್ಲಾಸಿನಲ್ಲಿ ಕತ್ತಿನ ಅಳತೆ ತೆಗೆಯೋದು ಹೇಳಿಕೊಡ್ತಿದ್ದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಕತ್ತಿಗೇ ಟೇಪು ಸುತ್ತಿ, "ಟೀಚರ್, ಇಲ್ಲೇನೋ ಗಟ್ಟಿ ಸಿಗ್ತದೆ" ಅಂದಳು. ಮುಟ್ಟಿ ನೋಡಿಕೊಂಡೆ. ಹೌದು ಮಾರಾಯ್ತಿ. ಬಲಗಡೆ, ನೆಲ್ಲಿಕಾಯಿಯಷ್ಟು. ಉಗುಳು ನುಂಗಿದರೆ ಮೇಲೆ ಹೋಗಿ ಕೆಳಗೆ ಬರ್ತದೆ. ನೋವಿಲ್ಲ.

ಇಲ್ಲಿಯ ಸರ್ಕಾರಿ ಆಸ್ಪತ್ರೆ ಡಾಕ್ಟರು ಥೈರಾಯ್ಡ್ ಗಂಟು ಅಂದರು. ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ಒಳಗಿನದನ್ನು ತೆಗೆಸಿ ನೋಡಬೇಕಂತೆ. ನಿಮ್ಮ ನರ್ಸಿಂಗ್ ಹೋಮಿಗೆ ಸ್ಕ್ಯಾನಿಂಗ್ ಮಿಷನ್ ಬಂದಿದೆ ಅಂತ ಬರೆದಿದ್ದೆಯಲ್ಲ, ಅದಕ್ಕೇ ಕೇಳ್ತಿದ್ದೇನೆ. ನನಗೆ ಗಂಟಿಗಿಂತ ಸೂಜಿಯದೇ ಭಯ. ನಗಬೇಡ. ದಿನವಿಡೀ ಸೂಜಿ ಹಿಡಿಯೋಳು ಅಂತ ನಮ್ಮನೆಯವರು ಆಗಲೇ ನಕ್ಕಾಗಿದೆ. ಕತ್ತಿಗೆ ಹಾಕೋದು ಯಾವ ನಂಬರಿನ ಸೂಜಿ? ತೆಳು ವಾಯಿಲ್ ಬಟ್ಟೆಗೆ ನಾವು ಹನ್ನೊಂದು ಹಾಕ್ತೇವೆ, ಪ್ಯಾಂಟಿನ ಬಟ್ಟೆಗೆ ಹದಿನೆಂಟು. ನಿಮ್ಮದು ಎಷ್ಟು?

ಕೂಡಲೇ ಬರೆ.

ನಿನ್ನ
ವಾಸಂತಿ


ಶಿಕಾರಿಪುರ
20-6-1996

ವಾಸಂತಿಗೆ ನೀಲಾಂಬಿಕೆಯ ನೆನಪುಗಳು.

ಮೊದಲು ಬೈಗುಳ ತಿಂದಾಯ್ತು, ತಪ್ಪು ನಂದೇ. ಇಲ್ಲಿ ನಾನೊಬ್ಬಳೇ ಸಿಸ್ಟರ್, ಜೊತೆಗೆ ಆಯಾ ಹುಚ್ಚಮ್ಮ. ಬೆಳಿಗ್ಗೆ ಬಂದರೆ ಸಂಜೆವರೆಗೆ ಕೂರೋಕೆ ಪುರುಸೊತ್ತಿಲ್ಲ.

ಹೆದರಬೇಡ ಕಣೆ. ನಮ್ಮ ಚಂದ್ರಶೇಖರ್ ಡಾಕ್ಟ್ರ ಕೈ ಬಹಳ ಹಗುರ. ಮೊದಲೆಲ್ಲ ಗಂಟನ್ನ ಬೆರಳಲ್ಲಿ ಹಿಡಿದು ಅಂದಾಜಿನ ಮೇಲೆ ಚುಚ್ಚುತಿದ್ರು. ಈಗ ಮಿಷನ್ನಿನ ಟಿ.ವಿ.ಯಲ್ಲಿ ಗಂಟು ಕಾಣತೈತೆ, ಸೂಜಿಯ ತುದಿ ಅದರೊಳಗೆ ಹೋಗೋದೂ ಬೆಳ್ಳಗೆ ಕಾಣತೈತೆ. ಸಿಕ್ಕಿದ್ದನ್ನ ಗಾಜಿನ ಮೇಲೆ ಸವರಿ ಬಸ್ಸಿನಲ್ಲಿ ಶಿವಮೊಗ್ಗದ ಲ್ಯಾಬಿಗೆ ಕಳಿಸ್ತೀವಿ.

ನಂಬರು ಕೇಳಿದ್ದಿ. ನಮ್ಮ ಲೆಕ್ಕ ನಿಮ್ಮದಕ್ಕೆ ಉಲ್ಟಾ. ನಂಬರು ಏರಿದಷ್ಟೂ ಸೂಜಿ ಸಣ್ಣ. ಹದಿನೆಂಟು ಅಂದ್ರೆ ದಬ್ಬಣ. ಕತ್ತಿಗೆ ಹಾಕೋದು ಇಪ್ಪತ್ತೈದು, ಕಿತ್ತಳೆ ಬಣ್ಣದ ತಲೆ ಇರತೈತೆ. ನಿನ್ನ ಹೊಲಿಗೆ ಸೂಜಿಗಿಂತ ಸಣ್ಣ. ಥೈರಾಯ್ಡ್ ಅಂದ್ರೆ ರಕ್ತ ತುಂಬಿದ ಜಾಗ ನೋಡು, ದಪ್ಪಂದು ಹಾಕಿದ್ರೆ ಬರೀ ರಕ್ತ ಬಂದು ಬೇಕಾದ್ದು ಅದರಲ್ಲಿ ಮುಳುಗಿ ಹೋಗತೈತೆ. ಸಣ್ಣದಾದಷ್ಟೂ ಒಳ್ಳೇದು.

ಜುಲೈ ಮೂರು ಬುಧವಾರ ಬಾ. ನಾನೇ ಪಕ್ಕದಲ್ಲಿ ಇರ್ತೀನಿ.

ನಿನ್ನ
ನೀಲಾ


ಸೊರಬ
7-7-1996

ನೀಲಾ,

ನಾಲ್ಕು ದಿನ ಪೆನ್ನು ಹಿಡಿಯಲಾಗಲಿಲ್ಲ. ಶಿರಾಳಕೊಪ್ಪ ದಾಟುವಾಗಲೇ ಕತ್ತು ಬಿಗಿಯತೊಡಗಿತು. ಮನೆಗೆ ಬಂದು ಕನ್ನಡಿ ನೋಡಿದರೆ ಬಲಗಡೆ ಬದನೆಕಾಯಿ ಬಣ್ಣ. ಎರಡು ದಿನ ಗಂಜಿಯೂ ಇಳಿಯಲಿಲ್ಲ. ನಮ್ಮನೆಯವರು ತಾಲ್ಲೂಕು ಕಚೇರಿಗೆ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಪಹಣಿ ತಪ್ಪಾದರೇ ಮೈಯೆಲ್ಲ ಉರಿಯೋದು, ಇನ್ನು ಇದಕ್ಕೆ ಕೇಳಬೇಕೆ? "ನಿನ್ನ ಗೆಳತಿ ಅಂತ ಹೋದದ್ದಕ್ಕೆ ಒಳ್ಳೆ ಉಡುಗೊರೆ ಕೊಟ್ಟಳು" ಅಂತ ಕೂಗಾಡಿದರು. ಅರ್ಚಿತಾ ಅಪ್ಪನನ್ನು ಹೊರಗೆ ಕಳಿಸಿ ನನ್ನ ಕತ್ತಿಗೆ ಐಸು ಒತ್ತಿದಳು.

ನಾನು ಬೈಯೋದಕ್ಕೆ ಬರೆಯುತ್ತಿಲ್ಲ. ಒಂದು ಮಾತ್ರ ಕೇಳ್ತೇನೆ. ನೀನು ಬರೆದದ್ದು ಕಿತ್ತಳೆ ತಲೆಯ ಸೂಜಿ. ನೀನು ಡಾಕ್ಟರ ಕೈಗೆ ಕೊಟ್ಟದ್ದು ಹಸಿರು. ಮಲಗಿದ್ದರೂ ನೋಡಿದೆ. ಸೂಜಿ ಕಂಡರೆ ನನ್ನ ಕಣ್ಣು ತಾನಾಗಿ ಹೋಗ್ತದೆ.

ಏನೇ ಬರಲಿ, ಇನ್ನು ಸಾಯುವವರೆಗೆ ನನ್ನ ಕತ್ತಿಗೆ ಸೂಜಿ ಬೇಡ. ರಿಪೋರ್ಟು ಬಂದ ಕೂಡಲೇ ಬರೆ. ಡಾಕ್ಟರ ಭಾಷೆಯಲ್ಲಿ ಬೇಡ, ನಿನ್ನ ಭಾಷೆಯಲ್ಲಿ ಬರೆ.

ವಾಸಂತಿ


ಶಿಕಾರಿಪುರ
17-7-1996

ಪ್ರೀತಿಯ ವಾಸಂತಿ,

ನಿನ್ನ ಕಾಗದ ಓದಿ ಕಣ್ಣಲ್ಲಿ ನೀರು ಬಂತು. ಒಬ್ಬೊಬ್ಬರಿಗೆ ಹಂಗೆ ಒಳಗೆ ರಕ್ತ ಕಟ್ಟತೈತೆ, ಹದಿನೈದು ದಿನದಲ್ಲಿ ಇಳಿಯತೈತೆ. ನಾಗಪತಿಯವರು ಕೂಗಾಡಿದ್ದು ಸರಿಯೇ, ನನ್ನ ಪರವಾಗಿ ಕ್ಷಮೆ ಕೇಳು. ಬಣ್ಣದ ವಿಷಯ ತಲೆ ಕೆಡಿಸಿಕೊಳ್ಳಬೇಡ. ಒಂದೊಂದು ಕಂಪನಿಯೋರು ಒಂದೊಂದು ಬಣ್ಣ ಹಾಕ್ತಾರೆ.

ರಿಪೋರ್ಟು ಬಂತು. ಕ್ಯಾನ್ಸರ್ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ನಾನೇ ಎರಡು ಸಲ ಓದಿದೆ. ರಕ್ತ ಸ್ವಲ್ಪ ಜಾಸ್ತಿ ಬಂದಿತ್ತಂತೆ, ಅದಕ್ಕೇ ಡಾಕ್ಟ್ರು ಇನ್ನೊಂದು ಸಲ ಬಂದು ಹೋಗಲಿ ಅಂದ್ರು. ಕತ್ತು ಪೂರ್ತಿ ವಾಸಿಯಾಗಲಿ. ನಿನಗೆ ಅನುಕೂಲ ಆದಾಗ ಬಾ.

ಅರ್ಚಿತಾ ಪಿ.ಯು.ಗೆ ಯಾವ ಸಬ್ಜೆಕ್ಟು ತಗೊಂಡಳು?

ನಿನ್ನ
ನೀಲಾ


ಸೊರಬ
29-7-1996

ನನ್ನ ನೀಲಾ,

ಕ್ಯಾನ್ಸರ್ ಇಲ್ಲ! ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆ ಮೇಲಿನ ಹಾಲು ಉಕ್ಕಿ ಹೋಯ್ತು, ಆರಿಸಲೂ ಇಲ್ಲ. ನಮ್ಮನೆಯವರು ಓದಿಸಿ ಕೇಳಿ, ನೇರ ಪೇಟೆಗೆ ಹೋಗಿ ಅರ್ಧ ಕಿಲೋ ಜಿಲೇಬಿ ತಂದರು. ನಿನ್ನ ಮೇಲಿನ ಸಿಟ್ಟೂ ಇಳಿದ ಹಾಗಿದೆ. "ಪಾಪ, ಆಕೆಯಾದರೂ ಏನು ಮಾಡ್ತಾಳೆ" ಅಂದರು.

ಅರ್ಚಿತಾ ಕಾಮರ್ಸ್ ತಗೊಂಡಿದ್ದಾಳೆ.

ಮಳೆಗಾಲ ಕಳೆಯಲಿ, ಬರ್ತೇನೆ. ನಿನಗೊಂದು ರವಿಕೆ ಹೊಲಿದು ಕಳಿಸ್ತಿದ್ದೇನೆ. ಅಳತೆ ಹಾಸ್ಟೆಲ್ ಕಾಲದ್ದು, ಎರಡು ಇಂಚು ಸೇರಿಸಿದ್ದೇನೆ. ಕಡಿಮೆಯಾದರೆ ತಪ್ಪು ನಿನ್ನದು.

ವಾಸಂತಿ


ಶಿಕಾರಿಪುರ
11-11-1996

ವಾಸಂತಿ,

ರವಿಕೆ ಸರಿಯಾಗಿ ಕೂತಿತು. ತಿಳಿಸೋದು ತಡವಾಯ್ತು. ಇಲ್ಲಿ ಡೆಂಗ್ಯೂ ಥರದ ಜ್ವರ, ವಾರ್ಡಿನಲ್ಲಿ ನೆಲದ ಮೇಲೂ ಜನ.

ಮಳೆಗಾಲ ಮುಗೀತಲ್ಲ. ಯಾವಾಗ ಬರ್ತೀ? ಡಾಕ್ಟ್ರು ಒಂದು ಸಲ ಕೇಳಿದ್ರು, ಕಾಗದ ಹಾಕಿದೀನಿ ಸರ್ ಅಂದೆ. ಬಂದು ಹೋದ್ರೆ ನನಗೂ ಸಮಾಧಾನ. ಸುಮ್ನೆ ನಿನ್ನನ್ನ ನೋಡಿದ ಹಾಗೂ ಆಗತೈತೆ.

ನೀಲಾ


ಸೊರಬ
3-2-1997

ನೀಲಾ,

ನಿನ್ನ ಕಾಗದಕ್ಕೆ ಮೂರು ತಿಂಗಳು ಉತ್ತರ ಬರೆಯದೆ ಸೇಡು ತೀರಿಸಿಕೊಂಡೆ. ಈಗ ಸರಿಸಮ.

ಕ್ಲಾಸಿಗೆ ಇಪ್ಪತ್ತೆರಡು ಹುಡುಗಿಯರು ಸೇರಿದ್ದಾರೆ, ಬಸ್ ಸ್ಟ್ಯಾಂಡ್ ಪಕ್ಕದ ಕೋಣೆ ಸಾಲುತ್ತಿಲ್ಲ. ಕೂಗಿ ಕೂಗಿ ಗಂಟಲು ಕೆಟ್ಟಿದೆ. ಚಳಿಗೂ ಇರಬಹುದು, ಬಟ್ಟೆಯ ಧೂಳಿಗೂ ಇರಬಹುದು. ಹುಡುಗಿಯರು ಬೆನ್ನ ಹಿಂದೆ "ಕಪ್ಪೆ ಟೀಚರ್" ಅಂತಾರೆ. ಕರಿಮೆಣಸಿನ ಕಷಾಯ ಕುಡಿಯುತ್ತಿದ್ದೇನೆ.

ಗಂಟು ಇದ್ದ ಹಾಗೇ ಇದೆ. ಬೆಳೆದಿಲ್ಲ. ಪರೀಕ್ಷೆ, ಮದುವೆ ಸೀಸನ್ನು ಎರಡೂ ಮುಗಿಯಲಿ, ಬರ್ತೇನೆ.

ವಾಸಂತಿ


ಶಿಕಾರಿಪುರ
19-9-1997

ವಾಸಂತಿ,

ನಿನ್ನೆ ಮಧ್ಯಾಹ್ನ ನರ್ಸಿಂಗ್ ಹೋಮಿನ ಫೋನಿಗೆ ನೀನು ಮಾಡಿದಾಗ ನಾನು "ಯಾರ್ರೀ ಮಾತಾಡೋದು" ಅಂತ ಮೂರು ಸಲ ಕೇಳಿದೆ. ಯಾರೋ ಗಂಡಸರು ಪಿಸುಗುಟ್ಟಿದ ಹಾಗಿತ್ತು. ನೀನು ಅಂತ ಆಮೇಲೆ ಗೊತ್ತಾಯ್ತು. ಗಂಟಲು ನೋವಿಗೆ ಮಾತ್ರೆ ಯಾವುದು ಅಂತ ನೀನು ಕೇಳಿದೆ. ಎಷ್ಟು ದಿನದಿಂದ ಹಿಂಗೆ ಅಂದರೆ "ಸಂಕ್ರಾಂತಿಯಿಂದ" ಅಂದೆ. ಎಂಟು ತಿಂಗಳು! ಇದು ಧೂಳಲ್ಲ, ಶೀತ ಅಲ್ಲ. ದನಿಯ ನರ ಗಂಟಿನ ಹಿಂದೆಯೇ ಹಾದು ಹೋಗತೈತೆ.

ಈ ಕಾಗದ ಮುಟ್ಟಿದ ದಿನವೇ ಹೊರಡು. ನಾಗಪತಿಯವರನ್ನ ಕರಕೊಂಡು ಬಾ. ನಾಳೆ ಅಂತ ಅನ್ನಬೇಡ, ನಿನ್ನ ಕಾಲಿಗೆ ಬೀಳ್ತೀನಿ.

ನೀಲಾ


ಸೊರಬ
8-12-1997

ನೀಲಾಂಬಿಕ,

ಬೆಂಗಳೂರಿನಿಂದ ಬಂದು ಹತ್ತು ದಿನವಾಯ್ತು. ಆಪರೇಷನ್ನಿನಲ್ಲಿ ಥೈರಾಯ್ಡ್ ಪೂರ್ತಿ ತೆಗೆದಿದ್ದಾರೆ. ಗಂಟು ನರವನ್ನು ಸುತ್ತಿಕೊಂಡಿತ್ತಂತೆ, ನರವನ್ನೂ ಕತ್ತರಿಸಬೇಕಾಯ್ತಂತೆ. ದನಿ ಬರುವುದಿಲ್ಲ, ಗಾಳಿ ಮಾತ್ರ ಬರ್ತದೆ. ಎದೆಯಲ್ಲೂ ಮೂರು ಕಡೆ ಇದೆಯಂತೆ. ಮನೆಯಲ್ಲಿ ಸ್ಲೇಟು ಇಟ್ಟುಕೊಂಡಿದ್ದೇನೆ. ಕ್ಲಾಸು ಮುಚ್ಚಿದೆ.

ಸೆಪ್ಟೆಂಬರಿನಲ್ಲಿ ನಿಮ್ಮಲ್ಲಿ ಎರಡನೇ ಸಲ ಸೂಜಿ ಹಾಕಿದರಲ್ಲ, ಆವತ್ತು ಕಿತ್ತಳೆ ತಲೆಯದು. ಸಿರಿಂಜಿನಲ್ಲಿ ಎಳೆಯಲೂ ಇಲ್ಲ, ಸುಮ್ಮನೆ ಒಳಗೆ ಹಿಂದೆ ಮುಂದೆ ಆಡಿಸಿ ತೆಗೆದರು. ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಬಸ್ಸಿನಲ್ಲಿ ನಾನು ನಿದ್ದೆ ಮಾಡಿಕೊಂಡು ಬಂದೆ. ಆರು ದಿನದಲ್ಲಿ ಕ್ಯಾನ್ಸರ್ ಅಂತ ಗೊತ್ತಾಯ್ತು.

ಬೆಂಗಳೂರಿನ ಡಾಕ್ಟರು ಹೋದ ವರ್ಷದ ರಿಪೋರ್ಟು ಕೇಳಿದರು. ನಮ್ಮನೆಯವರು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ತರಿಸಿದರು. ಅದು ಈಗ ನನ್ನ ಮುಂದಿದೆ. ಅರ್ಚಿತಾಳ ಹತ್ತಿರ ಕನ್ನಡದಲ್ಲಿ ಹೇಳಿಸಿಕೊಂಡೆ. "ಬರೀ ರಕ್ತ. ಪರೀಕ್ಷೆಗೆ ಸಾಕಾಗುವಷ್ಟು ಜೀವಕೋಶಗಳಿಲ್ಲ. ಏನೂ ಹೇಳಲಾಗದು. ಸಣ್ಣ ಸೂಜಿಯಿಂದ ಮತ್ತೆ ಮಾಡಿ." ಇಷ್ಟೇ ಇರೋದು. ನಾಲ್ಕು ಸಾಲು.

ಕ್ಯಾನ್ಸರ್ ಅಂತ ಎಲ್ಲೂ ಬರೆದಿಲ್ಲ ಅಂದಿದ್ದೆ. ಹೌದು, ಬರೆದಿಲ್ಲ. ಇಲ್ಲ ಅಂತಲೂ ಬರೆದಿಲ್ಲ.

ನೀನು ಇದನ್ನು ಎರಡು ಸಲ ಓದಿದ್ದೆ. ಹಾಗಂತ ನೀನೇ ಬರೆದಿದ್ದೀ.

ವಾಸಂತಿ


ಶಿಕಾರಿಪುರ
16-12-1997

ವಾಸಂತಿ,

ಓದಿದ್ದೆ. ಎರಡಲ್ಲ, ಬಹಳ ಸಲ ಓದಿದ್ದೆ. ನಡೆದದ್ದನ್ನ ಬರೀತೀನಿ. ಆಮೇಲೆ ನೀನು ಏನಂದರೂ ಸರಿ.

ಆ ಬುಧವಾರ ನೀನು ಟೇಬಲ್ ಮೇಲೆ ಮಲಗಿದ್ದೆ. ಸೆರಗು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದ್ದೆ ಅಂದುಕೊಂಡಿದ್ದೆ ನಾನು. ಡಾಕ್ಟ್ರು "ನೀಲಮ್ಮ, ಇಪ್ಪತ್ತೈದು ಕೊಡ್ರಿ" ಅಂದ್ರು. ಡಬ್ಬಿ ತೆಗೆದರೆ ಖಾಲಿ. ತರಿಸೋ ಸಾಮಾನು ಬರೆಯೋ ಪುಸ್ತಕ ನನ್ನ ಕೈಯಲ್ಲೇ ಇರೋದು. ಎರಡು ವಾರದಿಂದ ಬರೆಯೋದು ಮರೆತಿದ್ದೆ. ಇಪ್ಪತ್ಮೂರೂ ಇರಲಿಲ್ಲ. ಇದ್ದದ್ದು ಇಪ್ಪತ್ತೊಂದು, ಇಂಜೆಕ್ಷನ್ನಿಗೆ ಹಾಕೋ ಹಸಿರು ತಲೇದು.

ಅವರನ್ನ ಬಾಗಿಲ ಹತ್ತಿರ ಕರೆದು ಹೇಳಿದೆ.

"ಇದರಲ್ಲಿ ಬರೀ ರಕ್ತ ಬರತೈತ್ರಿ ನೀಲಮ್ಮ. ನಾಳೆ ಮಾಡಾಣ. ಶಿವಮೊಗ್ಗದಿಂದ ತರಿಸ್ರಿ."

"ಇಲ್ಲ ಸರ್, ಪಾಪ, ದೂರದಿಂದ ಬಂದಾಳೆ. ಈವತ್ತು ವಾಪಸ್ ಕಳಿಸಿದ್ರೆ ಮತ್ತೆ ಬರಲ್ಲ. ಬಾಳ ಪುಕ್ಕಲು. ಮಿಷನ್ನಿನಲ್ಲಿ ಹೆಂಗೂ ತುದಿ ಕಾಣತೈತಲ್ರೀ."

ಅವರು ನಿನ್ನ ಕಡೆ ನೋಡಿ, ಆಯ್ತು ಕೊಡ್ರಿ ಅಂದ್ರು. ನಿನ್ನ ಮೇಲಿನ ಮರುಕಕ್ಕೆ ಹಂಗಂದೆ ಅಂತ ಒಂದೂವರೆ ವರ್ಷ ನನಗೆ ನಾನೇ ಹೇಳಿಕೊಂಡೆ. ಮರುಕ ಇದ್ದದ್ದೂ ನಿಜ. ಡಬ್ಬಿ ಖಾಲಿ ಅಂತ ಎಲ್ಲರಿಗೂ ಗೊತ್ತಾಗೋದು ಬೇಡ ಅಂತ ಇದ್ದದ್ದೂ ನಿಜ. ಸಿರಿಂಜು ಎಳೆದ ಕೂಡಲೇ ರಕ್ತ ನುಗ್ಗಿ ಬಂತು. ಗಾಜಿನ ಮೇಲೆ ಸವರುವಾಗ ನಾಲ್ಕೂ ಕೆಂಪು. ಅಲ್ಲೇ ಗೊತ್ತಾಯ್ತು ನನಗೆ.

ರಿಪೋರ್ಟು ಬಂದ ದಿನ ಡಾಕ್ಟ್ರು "ಹದಿನೈದು ದಿನದೊಳಗೆ ಕರೆಸ್ರಿ, ಗಂಟಿನ ಅಂಚು ನನಗೆ ಸರಿ ಕಾಣ್ತಿಲ್ಲ" ಅಂದ್ರು. ನಿನ್ನ ಕಾಗದ ನನ್ನ ಕೈಯಲ್ಲಿತ್ತು. ಬದನೆಕಾಯಿ ಬಣ್ಣ ಅಂತ ಬರೆದಿದ್ದೆ. ಸಾಯೋವರೆಗೂ ಸೂಜಿ ಬೇಡ ಅಂದಿದ್ದೆ. ಹಸಿರು ಯಾಕೆ ಅಂತ ಕೇಳಿದ್ದೆ. ಮತ್ತೆ ಬಾ ಅಂದ್ರೆ ಯಾಕೆ ಅಂತಿದ್ದೆ, ಯಾಕೆ ಅಂತ ಹೇಳೋಕೆ ಹೋದ್ರೆ ಡಬ್ಬಿಯಿಂದಲೇ ಶುರು ಮಾಡಬೇಕಿತ್ತು. ಬಣ್ಣದ ವಿಷಯಕ್ಕೆ ನಾನು ಸುಳ್ಳು ಬರೆದೆ. ಆಮೇಲಿನದಕ್ಕೆ ಸುಳ್ಳೂ ಬೇಕಾಗಲಿಲ್ಲ, ಅರ್ಧ ಬರೆದರೆ ಸಾಕಾಯ್ತು. ಅನುಕೂಲ ಆದಾಗ ಬಾ ಅನ್ನೋ ಮಾತು ಡಾಕ್ಟ್ರದ್ದಲ್ಲ, ನನ್ನದು.

ಹೋದ ವಾರ ಡಾಕ್ಟ್ರಿಗೆ ಎಲ್ಲಾ ಹೇಳಿದೆ. "ಆ ಕಾಗದ ನಾನು ಬರೀಬೇಕಿತ್ತು. ಸೂಜಿ ಕೈಯಲ್ಲಿ ಹಿಡಿದೋನೂ ನಾನೇ" ಅಂದ್ರು. ಆಗಲೇ ತೆಗೆದಿದ್ರೆ ಉಳೀತಿದ್ಲಾ ಅಂತ ಕೇಳಿದೆ. "ದನಿ ಉಳೀತಿತ್ತೇನೋ. ಜೀವದ್ದು ಹೇಳಕ್ಕಾಗಲ್ಲ" ಅಂದ್ರು. ಇದನ್ನೂ ಅವರು ಅಂದ ಹಾಗೇ ಬರೆದಿದೀನಿ.

ಹುಚ್ಚಮ್ಮ ಆವತ್ತು ಅಲ್ಲೇ ನೆಲ ಒರೆಸ್ತಿದ್ದಳು. ನಿನ್ನೆ ನನ್ನನ್ನ ನೋಡಿ, "ಅಳಬ್ಯಾಡ್ರಿ ಸಿಸ್ಟರಮ್ಮ, ಅತ್ತರೆ ನಿಮಗೆ ಹಗುರ ಆಕ್ಕತಿ ಅಷ್ಟೇ" ಅಂದಳು.

ಕ್ಷಮಿಸು ಅಂತ ಬರೆಯಲ್ಲ.

ನೀಲಾಂಬಿಕ


ಸೊರಬ
2-3-1998

ನೀಲಾ,

ಎರಡೂವರೆ ತಿಂಗಳು ನಿನ್ನ ಕಾಗದ ಹಾಸಿಗೆಯ ಕೆಳಗಿತ್ತು. ಮೊದಲ ತಿಂಗಳು ನೀನು ಸತ್ತು ಹೋಗಲಿ ಅಂತ ಬೇಡಿಕೊಂಡೆ. ಉತ್ಪ್ರೇಕ್ಷೆ ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ ದೇವರ ಮುಂದೆ ನಿಂತು ಅದನ್ನೇ ಕೇಳ್ತಿದ್ದೆ.

ಈಗ ಕೆಮ್ಮಿದರೆ ರಕ್ತ ಬರ್ತದೆ. ಬೆನ್ನು ಮೂಳೆಗೂ ಹೋಗಿದೆ. ಯುಗಾದಿ ದಾಟಬಹುದು, ಮಳೆಗಾಲ ಹೇಳಲಾಗದು ಅಂತ ಬೆಂಗಳೂರಿನವರು ನಮ್ಮನೆಯವರ ಹತ್ತಿರ ಹೇಳಿದ್ದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ಅವರು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ನೀನು ನಿಜ ಬರೆದೆ, ನನ್ನದೂ ಒಂದಿದೆ. ಆವತ್ತಿನ ನಿನ್ನ ಕಾಗದವನ್ನು ನಮ್ಮನೆಯವರಿಗೆ ಓದಿ ಹೇಳುವಾಗ ಕ್ಯಾನ್ಸರ್ ಅಂತ ಎಲ್ಲೂ ಬರೆದಿಲ್ಲ ಅನ್ನುವಲ್ಲಿಗೆ ನಿಲ್ಲಿಸಿ ಮಡಚಿಬಿಟ್ಟೆ. ಇನ್ನೊಂದು ಸಲ ಬಾ ಅನ್ನೋದನ್ನು ಓದಲಿಲ್ಲ. ಓದಿದ್ದರೆ ಮಾರನೇ ದಿನವೇ ಎಳೆದುಕೊಂಡು ಬರುತ್ತಿದ್ದರು. ನವೆಂಬರಿನ ಕಾಗದವನ್ನಂತೂ ತೋರಿಸಲೇ ಇಲ್ಲ. ಗಂಟು ಬೆಳೆದಿಲ್ಲ ಅಂತ ನಿನಗೆ ಬರೆದಾಗ ಅದು ನಿಂಬೆಹಣ್ಣಿನಷ್ಟಾಗಿತ್ತು. ಸೆರಗು ಹೊದ್ದು ಓಡಾಡುತ್ತಿದ್ದೆ. ಇದರಿಂದ ನಿನ್ನದು ಕಡಿಮೆಯಾಗುವುದಿಲ್ಲ. ನನ್ನದು ನನಗೆ, ನಿನ್ನದು ನಿನಗೆ.

ಬರೆದದ್ದು ಅದಕ್ಕಲ್ಲ. ನನಗೆ ಬಂದಿರೋದು ರಕ್ತಸಂಬಂಧದಲ್ಲಿ ಹರಿಯೋ ಜಾತಿಯದ್ದಂತೆ. ನಮ್ಮಮ್ಮ ಐವತ್ತಕ್ಕೇ ಹೋದದ್ದು ನಿನಗೆ ಗೊತ್ತು. ಕತ್ತು ಊದಿತ್ತು, ಗಳಗಂಡ ಅಂತ ಎಲ್ಲರೂ ಅಂದುಕೊಂಡಿದ್ದೆವು. ಮಕ್ಕಳಿದ್ದರೆ ಕತ್ತು ಸ್ಕ್ಯಾನ್ ಮಾಡಿಸಿ, ಏನಾದರೂ ಕಂಡರೆ ಸೂಜಿ ಹಾಕಿಸಿ ಅಂದಿದ್ದಾರೆ. ಅರ್ಚಿತಾಗೆ ಹದಿನೆಂಟು ಈಗ.

ನಮ್ಮನೆಯವರು ಮಂಗಳೂರಿಗೆ ಕರೆದುಕೊಂಡು ಹೋಗ್ತೇನೆ ಅಂದರು. ನಾನು ಸ್ಲೇಟಿನ ಮೇಲೆ ಶಿಕಾರಿಪುರ ಅಂತ ಬರೆದೆ. ಅವರು ಸ್ಲೇಟು ಕಿತ್ತು ಎಸೆದರು. ಮತ್ತೆ ತರಿಸಿ ಮತ್ತೆ ಬರೆದೆ. ಡಬ್ಬಿಯಲ್ಲಿ ಸೂಜಿ ಇದೆಯೋ ಇಲ್ಲವೋ ಅಂತ ಈ ಲೋಕದಲ್ಲಿ ಯಾರಾದರೂ ಹತ್ತು ಸಲ ನೋಡ್ತಾರೆ ಅಂದರೆ ಅದು ನೀನು.

ಹದಿನೆಂಟನೇ ತಾರೀಕು ಬುಧವಾರ ಅವಳು ಬರ್ತಾಳೆ. ರಿಪೋರ್ಟಿನಲ್ಲಿ ಇರೋದನ್ನು ಇದ್ದ ಹಾಗೆ ಬರೆ. ನಿನ್ನದು ಅಂತ ಒಂದು ಅಕ್ಷರ ಸೇರಿಸಬೇಡ.

ವಾಸಂತಿ


ಶಿಕಾರಿಪುರ
26-3-1998

ವಾಸಂತಿ,

ಹದಿನೆಂಟರ ಬೆಳಿಗ್ಗೆ ಹತ್ತೂವರೆಗೆ ಅರ್ಚಿತಾ, ನಾಗಪತಿಯವರು ಬಂದರು. ನಾಗಪತಿಯವರು ನನ್ನ ಕಡೆ ನೋಡಲಿಲ್ಲ. ಸ್ಕ್ಯಾನಿನಲ್ಲಿ ಎಡಗಡೆ ಒಂದು ಗಂಟು ಕಂಡಿತು, ಆರು ಮಿಲಿಮೀಟರ್. ಕೈಗೆ ಸಿಗೋದಿಲ್ಲ. ಇಪ್ಪತ್ತೈದು ನಂಬರಿನ ಸೂಜಿ, ಕಿತ್ತಳೆ ತಲೆ. ಪ್ಯಾಕೆಟ್ಟನ್ನ ಒಡೆಯೋ ಮೊದಲು ಅರ್ಚಿತಾಗೂ ಅವರಪ್ಪನಿಗೂ ತೋರಿಸಿದೆ. ಎರಡು ಸಲ ಹಾಕಿದರು. ರಕ್ತ ಬರಲಿಲ್ಲ. ನಾಲ್ಕು ಗಾಜು. ಅವಳು ನನ್ನ ಕೈ ಹಿಡಕೊಂಡಿದ್ದಳು, ಮುಗಿದ ಮೇಲೆ "ಆಯ್ತಾ ನೀಲ ಚಿಕ್ಕಿ?" ಅಂತ ಕೇಳಿದಳು.

ಗಾಜುಗಳನ್ನ ಬಸ್ಸಿಗೆ ಕೊಡಲಿಲ್ಲ. ನಾನೇ ಶಿವಮೊಗ್ಗಕ್ಕೆ ಹೋಗಿ ಕೊಟ್ಟು, ನಿನ್ನೆ ನಾನೇ ಹೋಗಿ ರಿಪೋರ್ಟು ತಂದೆ. ಅದರಲ್ಲಿ ಇರೋದು ಇದು:

"ಮಾದರಿ ಪರೀಕ್ಷೆಗೆ ಸಾಕಾಗುವಷ್ಟಿದೆ. ಜೀವಕೋಶಗಳು ಕ್ಯಾನ್ಸರಿನವು. ತಾಯಿಯ ಗಂಟಿನಲ್ಲಿ ಕಂಡ ಜಾತಿಯವೇ. ಶಸ್ತ್ರಚಿಕಿತ್ಸೆ ಅಗತ್ಯ."

ಇದರ ಕೆಳಗೆ ಲ್ಯಾಬಿನ ಡಾಕ್ಟರ ಸಹಿ, ತಾರೀಕು. ಬೇರೇನೂ ಇಲ್ಲ.

ಡಾಕ್ಟ್ರು ಹೇಳಿದ್ದು: ಕತ್ತಿನಲ್ಲಿ ಬೇರೆಲ್ಲೂ ಕಾಣುತ್ತಿಲ್ಲ, ಗಂಟು ನರದಿಂದ ದೂರ ಇದೆ, ಈಗಲೇ ತೆಗೆದರೆ ಪೂರ್ತಿ ಹೋಗೋ ಸಾಧ್ಯತೆ ಜಾಸ್ತಿ. ಖಂಡಿತ ಅಂದ್ರಾ ಅಂತ ಕೇಳಿದೆ. "ಖಂಡಿತ ಅಂತ ಬರೀಬ್ಯಾಡ್ರಿ" ಅಂದ್ರು.

ಬೆಂಗಳೂರಿನ ಆಸ್ಪತ್ರೆಗೆ ಅವರೇ ಫೋನ್ ಮಾಡಿದ್ದಾರೆ. ಏಪ್ರಿಲ್ ಮೂರು ಶುಕ್ರವಾರ ಬರಲು ಹೇಳಿದ್ದಾರೆ. ನಾನು ಒಂದು ತಿಂಗಳು ರಜೆ ಹಾಕಿದೀನಿ. ನಾಗಪತಿಯವರು ನಿನ್ನನ್ನ ಬಿಟ್ಟು ಹೊರಡೋ ಹಾಗಿಲ್ಲ. ನೀನು ಒಪ್ಪಿದರೆ ಗುರುವಾರ ಸೊರಬಕ್ಕೆ ಬಂದು ಅವಳನ್ನ ನಾನು ಕರಕೊಂಡು ಹೋಗ್ತೀನಿ. ಒಪ್ಪದಿದ್ದರೂ ತಾರೀಕು ತಪ್ಪಿಸಬೇಡ, ಯಾರ ಜೊತೆಯಲ್ಲಾದರೂ ಕಳಿಸು.

ನೀಲಾಂಬಿಕ


ಸೊರಬ
30-3-1998

ನೀಲಾ,

ಕಾಗದ ಬಂತು. ಈ ಸಲ ಮಡಚಲಿಲ್ಲ. ಪೂರ್ತಿ ನಮ್ಮನೆಯವರ ಕೈಗೆ ಕೊಟ್ಟೆ. ಅವರು ಓದಿ ಹಿತ್ತಲಿಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ಅರ್ಚಿತಾಗೆ ನಾನೇ ಹೇಳಿದೆ. ಹೇಳೋದು ಅಂದರೆ ಬರೆದು ತೋರಿಸೋದು. ಅವಳು ಓದಿ ಸ್ಲೇಟು ಒರೆಸಿ, "ಕಾಲೇಜಿಗೆ ರಜೆ ಅರ್ಜಿ ಯಾರ ಹೆಸರಿಗೆ ಬರೆಯಬೇಕು ಅಮ್ಮ" ಅಂತ ಕೇಳಿದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆ ಇಟ್ಟಳು.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆಯೋದಕ್ಕೆ ಎರಡು ಸಲ ಪೆನ್ನು ಹಿಡಿದೆ. ಕೈ ಬರಲಿಲ್ಲ. ಇನ್ನು ಉಳಿದ ದಿನಗಳಲ್ಲಿ ಬರ್ತದೋ ಇಲ್ಲವೋ ಗೊತ್ತಿಲ್ಲ. ಬಾರದಿದ್ದರೆ ಕಾಯಬೇಡ.

ಗುರುವಾರ ಬಾ. ಬೆಂಗಳೂರು ಬಸ್ಸು ಸಂಜೆಗೆ. ಮಧ್ಯಾಹ್ನವೇ ಬಂದರೆ ಊಟ ಮಾಡಿಕೊಂಡು ಹೊರಡಬಹುದು.

ವಾಸಂತಿ